ಕರ್ನಾಟಕ ಕ್ರಿಕೆಟ್ ತಂಡದ ಮುಖ್ಯ ಕೋಚ್‌ಗಳು

ಇಂಗ್ಲೆಂಡಿನಲ್ಲಿ ಕೌಂಟಿ ಇದ್ದಂತೆ ಭಾರತದಲ್ಲಿ ರಣಜಿ ತಂಡ. ತಾನು ಆಡಿದ ತಂಡಕ್ಕೇ ಮರಳಿ ಮುಖ್ಯ ಕೋಚ್ ಆಗುವ ಪರಿಪಾಠ ಎರಡೂ ಕಡೆ ಉಂಟು. ಸಸೆಕ್ಸ್‌ನ ವಿಕೆಟ್‌ಕೀಪರ್ ಹಾಗೂ ನಾಯಕನಾಗಿದ್ದ ಪೀಟರ್ ಮೂರ್ಸ್ ಅದೇ ಕೌಂಟಿಯ ಕೋಚ್ ಆದರು. 1839ರಲ್ಲಿ ಹುಟ್ಟಿದ ಆ ಕ್ಲಬ್ ಮೊದಲ ಬಾರಿ ಕೌಂಟಿ ಚಾಂಪಿಯನ್‌ಷಿಪ್ ಗೆದ್ದದ್ದು 2003ರಲ್ಲಿ, ಅವರ ಕೈಕೆಳಗೆ. ಕರ್ನಾಟಕದಲ್ಲಿ ಈ ಹೊಣೆ ಹೊತ್ತವರಲ್ಲಿ ಭಾರತ ತಂಡಕ್ಕೆ ಆಡುವ ಅವಕಾಶವೇ ಸಿಗದವರು ಎದ್ದು ಕಾಣುತ್ತಾರೆ. ದೇಶಿ ಕ್ರಿಕೆಟ್‌ನಲ್ಲೇ ಆಯುಷ್ಯ ಕಳೆದ ಇವರಿಗೆ ರಾಜ್ಯದ ಅಭಿಮಾನಿಗಳು ಸಲ್ಲಿಸಿದ ಗೌರವ ಸಾಲದು.

ಬೆಂಗಳೂರಿನ ಜೆ. ಅರುಣ್‌ಕುಮಾರ್ ಆರಂಭಿಕ ಬ್ಯಾಟ್ಸ್‌ಮನ್. ಪ್ರಥಮ ದರ್ಜೆಯಲ್ಲಿ 7,000ಕ್ಕೂ ಹೆಚ್ಚು ರನ್ ಗಳಿಸಿದವರು. ಅವರು ಕೋಚ್ ಆಗುವ ಹೊತ್ತಿಗೆ ಕರ್ನಾಟಕ 1998–99ರ ನಂತರ ರಣಜಿ ಟ್ರೋಫಿ ಕಂಡಿರಲಿಲ್ಲ. 2013–14ರಲ್ಲಿ ಆರ್. ವಿನಯ್ ಕುಮಾರ್ ನಾಯಕತ್ವದ ತಂಡ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಮಣಿಸಿ ಆ ಬರ ನೀಗಿಸಿತು; ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿಗಳೂ ಅದೇ ಋತುವಿನಲ್ಲಿ ಬಂದವು. ಮರುವರ್ಷವೂ ಮೂರನ್ನೂ ಗೆದ್ದಿತು. ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧದ ಫೈನಲ್‌ನಲ್ಲಿ 84 ರನ್ನಿಗೆ 5 ವಿಕೆಟ್ ಬಿದ್ದ ಮೇಲೆ ಕರುಣ್ ನಾಯರ್ (328) ಮತ್ತು ಕೆ.ಎಲ್. ರಾಹುಲ್ (188) ಕಟ್ಟಿದ ಜೊತೆಯಾಟ ಪಂದ್ಯವನ್ನೇ ತಿರುಗಿಸಿತು. ಗೆಲುವು ಇನಿಂಗ್ಸ್ ಮತ್ತು 217 ರನ್ನುಗಳದು. 2020ರಲ್ಲಿ ಅರುಣ್‌ಕುಮಾರ್ ಅಮೆರಿಕ ತಂಡದ ಕೋಚ್ ಆಗಿ ನೇಮಕಗೊಂಡರು.

ರಾಯಚೂರಿನಲ್ಲಿ 1971ರಲ್ಲಿ ಹುಟ್ಟಿದ ಯರೇಗೌಡ ಅವರ ದಾರಿ ಇನ್ನೂ ದೀರ್ಘ. ಮಧ್ಯಮ ಕ್ರಮಾಂಕದಲ್ಲಿ ಗಂಟೆಗಟ್ಟಲೆ ನಿಂತು ಆಡುವುದು ಅವರ ಬಲ. ಬಿಸಿಲೂರಿನಿಂದ ಬಂದು ಕರ್ನಾಟಕದ ಪರ ಕಣಕ್ಕಿಳಿದು, ಹೆಚ್ಚಿನ ವರ್ಷಗಳನ್ನು ರೈಲ್ವೇಸ್ ತಂಡದಲ್ಲಿ ಕಳೆದು, ಕೊನೆಗೆ ತವರು ತಂಡಕ್ಕೆ ಮರಳಿ ಅದರ ನಾಯಕರಾದರು. ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ, 7,000ಕ್ಕೂ ಹೆಚ್ಚು ರನ್, 45ರ ಆಸುಪಾಸಿನ ಸರಾಸರಿ ಇದ್ದರೂ ಭಾರತದ ಟೋಪಿ ಅವರ ತಲೆಗೇರಲಿಲ್ಲ.

ಕೋಚ್ ಆಗಿ ಅವರಿಗೆ ದಕ್ಕಿದ್ದು ಚುಟುಕು ಹಾಗೂ ಏಕದಿನ ಮಾದರಿಯ ಪ್ರಶಸ್ತಿಗಳು. 2019ರ ಮಾರ್ಚ್‌ನಲ್ಲಿ ಇಂದೋರಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ; ಅಕ್ಟೋಬರ್‌ನಲ್ಲಿ ಬೆಂಗಳೂರಿನ ಫೈನಲ್‌ನಲ್ಲಿ ಅಭಿಮನ್ಯು ಮಿಥುನ್ ಹ್ಯಾಟ್ರಿಕ್‌ನೊಂದಿಗೆ ವಿಜಯ್ ಹಜಾರೆ; ಡಿಸೆಂಬರ್ 1ರಂದು ಸೂರತ್‌ನಲ್ಲಿ ತಮಿಳುನಾಡು ವಿರುದ್ಧ ಒಂದೇ ರನ್ನಿನಿಂದ ಮತ್ತೆ ಮುಷ್ತಾಕ್ ಅಲಿ. ಅವರು ಇಡೀ ಬದುಕು ಕೊಟ್ಟ ರಣಜಿಯಲ್ಲಿ ಮಾತ್ರ 2019ರಲ್ಲಿ ಸೌರಾಷ್ಟ್ರ, 2020ರಲ್ಲಿ ಬಂಗಾಳ ಸೆಮಿಫೈನಲ್‌ನಲ್ಲೇ ತಡೆದವು. ಮಧ್ಯೆ ಕರ್ನಾಟಕದ ಇನ್ನೊಬ್ಬ ಮಾಜಿ ಆಟಗಾರ ಪಿ.ವಿ. ಶಶಿಕಾಂತ್ ಹೊಣೆ ಹೊತ್ತರು. ಯರೇಗೌಡರು ಮರಳಿ ಬಂದ ಋತುವಿನಲ್ಲಿ, 2025ರ ಜನವರಿಯಲ್ಲಿ, ವಡೋದರದಲ್ಲಿ ವಿದರ್ಭವನ್ನು 36 ರನ್ನಿನಿಂದ ಸೋಲಿಸಿದ ಕರ್ನಾಟಕ ವಿಜಯ್ ಹಜಾರೆಯನ್ನು ಮತ್ತೊಮ್ಮೆ ಎತ್ತಿತು.

ಯರೇಗೌಡರಂತೆ ಉತ್ತರ ಕರ್ನಾಟಕದಿಂದ ಬಂದ ಇನ್ನೊಬ್ಬ ಕೋಚ್‌ನ ಕಥೆಯ ನೆಲೆ ಹುಬ್ಬಳ್ಳಿ. ಅಲ್ಲಿನ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. 2024ರ ಜನವರಿಯಲ್ಲಿ ದೇವದತ್ತ ಪಡಿಕ್ಕಲ್ 193 ರನ್ ಹೊಡೆದು ಪಂಜಾಬ್ ವಿರುದ್ಧ ತಂಡವನ್ನು ಗೆಲುವಿನ ಹಾದಿಗೆ ತಂದದ್ದು ಇಲ್ಲೇ. ಆದರೆ ಈ ಸೌಲಭ್ಯ ಬರುವ ಎಷ್ಟೋ ಮುಂಚೆ ಗದಗಿನ ಸುನಿಲ್ ಜೋಶಿ ಬೆಳಗಿನ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಬಂದು, ಶಾಲೆಗೆ ಮತ್ತೆ ಗದಗಿಗೆ ಓಡುತ್ತಿದ್ದರು. 1995–96ರ ರಣಜಿ ಋತುವೊಂದರಲ್ಲೇ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದ ಈ ಎಡಗೈ ಸ್ಪಿನ್ನರ್ 15 ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್‌ಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಅವರ ಕೋಚಿಂಗ್ ಫಲಿಸಿದ್ದು ಹೊರನಾಡಿನಲ್ಲಿ. 2014ರ ಡಿಸೆಂಬರ್‌ನಲ್ಲಿ ವಾಂಖೆಡೆಯಲ್ಲಿ ಮುಂಬೈಯನ್ನು ನಾಲ್ಕು ವಿಕೆಟ್‌ಗಳಿಂದ ಸೋಲಿಸಿದ ಜಮ್ಮು-ಕಾಶ್ಮೀರ ತಂಡದ ಕೋಚ್ ಅವರೇ ಆಗಿದ್ದರು.