ಹುತ್ರಿದುರ್ಗ, ಎತ್ತು, ಜೀಪು

ಕುಣಿಗಲ್ ಕಡೆಯ ಹುತ್ರಿದುರ್ಗ ಹತ್ತಿದವರಿಗೆಲ್ಲ ಕೆಂಪೇಗೌಡರ ಕೋಟೆ ಗೊತ್ತು. ನನಗೆ ಮಾತ್ರ ಅಲ್ಲಿ ನೆನಪಾಗೋದು ಎತ್ತುಗಳು!

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮೇವಿಲ್ಲದೆ ಎತ್ತುಗಳು ಸತ್ತವು. ಎಳೆಯುವವರಿಲ್ಲದ ಭಾರಿ ತೋಪುಗಳನ್ನು ತಾನೇ ಒಡೆಸಿ ವಾಪಸಾದ. ಮತ್ತೆ ಹೊರಡುವ ಮುನ್ನ ದಾರಿ ಭದ್ರ ಮಾಡಿಕೊಳ್ಳಲು ಡಿಸೆಂಬರಿನಲ್ಲಿ ಸಾವನದುರ್ಗ, ಹುತ್ರಿದುರ್ಗಗಳನ್ನು ಹಿಡಿದ. ಯುದ್ಧವೆಂದರೆ ಎಳೆಯುವ ಲೆಕ್ಕವೂ ಹೌದು.

ಆಮೇಲೆ ಇಂಥ ದಾರಿಗಳಿಗೆ ಜೀಪು ಬಂತು. ಅದು ಕೆಟ್ಟು ನಿಂತರೆ ಅದಕ್ಕೂ ಲೆಕ್ಕವಿದೆ. ಫೋರ್‌ವೀಲ್ ಹಾಕಿದ್ದಾಗ ಮುಂದಿನ ಚಕ್ರ ಮಾತ್ರ ಎತ್ತಿ ಎಳೆದರೆ ಒಳಗಿನ ಗೇರುಗಳು ಹಾಳಾಗುತ್ತವೆ. ಹಳೇ ಜೀಪಾದರೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡೂ ನ್ಯೂಟ್ರಲ್; ಸ್ಟೇರಿಂಗಿಗೆ, ಬ್ರೇಕಿಗೆ ಒಬ್ಬ ಒಳಗಿರಬೇಕು. ಟ್ರಾನ್ಸ್‌ಫರ್ ಕೇಸಿಗೆ ನ್ಯೂಟ್ರಲ್ಲೇ ಇಲ್ಲದ ಗಾಡಿಯನ್ನು ಲಾರಿಗೆ ಏರಿಸುವುದೇ ಕ್ಷೇಮ. 1989ರ ರಸ್ತೆ ನಿಯಮದಲ್ಲಿ ಎರಡು ಗಾಡಿಗಳ ನಡುವೆ 5 ಮೀಟರ್, ಗಂಟೆಗೆ 24 ಕಿ.ಮೀ. ಮಿತಿ ಇತ್ತು.

ಗ್ಯಾರೇಜಿಗೆ ಬಿಡುವ ಮುನ್ನ ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಈಗಿನ ಗಾಡಿಗಳಲ್ಲಿ ಅದಕ್ಕೆ 17 ಅಕ್ಷರ. 1, 0 ಜೊತೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಬಿಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೇ ಪ್ರೈಮರಿ ಕೀ. ಎಂಜಿನ್ ಬದಲಾದರೂ ಅದು ಉಳಿಯುತ್ತದೆ. ಸವೆದಿದ್ದರೆ ಮಣ್ಣು ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ. ಶಾಸನದ ಅಚ್ಚು ತೆಗೆಯೋದೂ ಹೆಚ್ಚುಕಡಿಮೆ ಹೀಗೇ ಅಲ್ವಾ?