ಕಾಲು ನಿಂದ್ರಿಸಂಗಿಲ್ಲ: ಫ್ರೀವೀಲ್ ಇಲ್ಲದ ಸೈಕಲ್ಲಿನ ಕತೆ

ಆಷಾಢದ ಒಂದು ಮುಂಜಾನೆ ನಮ್ಮ ಗುಂಪಿನ ಗೆಳೆಯನೊಬ್ಬ ವಿಜಯಪುರದಿಂದ ತಿಕೋಟಾ ಕಡೆ ಸೈಕಲ್ ಹೊಡೆದುಕೊಂಡು ಹೊರಟಿದ್ದ. ಊರು ದಾಟಿದ ಮೇಲೆ ಸಣ್ಣ ಇಳಿಜಾರು ಬಂತು. ನಾವು ನೀವೆಲ್ಲ ಮಾಡುವ ಹಾಗೆ ಅವನೂ ಕಾಲು ನಿಲ್ಲಿಸಿದ. ಆದರೆ ಪೆಡಲ್ ನಿಲ್ಲಲಿಲ್ಲ. ಅದು ಅವನ ಕಾಲನ್ನು ಮೇಲಕ್ಕೆತ್ತಿ ಒಗೆಯಿತು, ಅವನು ಹೋಗಿ ಜಾಲಿ ಕಂಟಿಯ ಬಾಜೂ ಬಿದ್ದ. ಮೊಣಕೈ ಕಿತ್ತಿತು, ಅಂಗಿ ಹರಿಯಿತು, ಅಷ್ಟಕ್ಕೇ ಉಳಿದ.

ಸೈಕಲ್ ಅವನದಲ್ಲ. ಹಿಂದೆ ರೇಸಿಗೆ ಹೋಗುತ್ತಿದ್ದ ಹುಡುಗನೊಬ್ಬ ಕೊಟ್ಟ ಹಳೆಯ ಟ್ರ್ಯಾಕ್ ಸೈಕಲ್. ತಿಕೋಟಾದ ಸೈಕಲ್ ಅಂಗಡಿಗೆ ಅದನ್ನು ತಳ್ಳಿಕೊಂಡು ಹೋದಾಗ ಅಂಗಡಿಯ ಕಾಕಾ ಹಿಂದಿನ ಗಾಲಿ ಎತ್ತಿ ತಿರುಗಿಸಿ ನೋಡಿದರು.

"ಇದಕ್ಕ ಫ್ರೀವೀಲ್ ಇಲ್ಲೋ ತಮ್ಮಾ. ಗಾಲಿ ತಿರಗೂತನಾ ಕಾಲು ತಿರಗಬೇಕು."

"ಇಂಥಾದ್ದು ಯಾಕ ಮಾಡ್ತಾರ್ರೀ ಕಾಕಾ?"

"ಮೊದಲ ಎಲ್ಲಾ ಹಿಂಗ ಇದ್ದೂವು."

ಕಾಕಾ ಹೇಳಿದ್ದು ಖರೆ. ಆ ಒಂದು ಮಾತು ಹಿಡಿದುಕೊಂಡು ನಾವು ಈ ಬರಹ ಮಾಡಿದ್ದೇವೆ.

ಮುಂದೆ ಎತ್ತರದ ದೊಡ್ಡ ಗಾಲಿ, ಹಿಂದೆ ಸಣ್ಣ ಗಾಲಿ ಇರುವ ಹಳೆಯ ಸೈಕಲ್ಲಿನ ಚಿತ್ರ ನೀವು ನೋಡಿರಬಹುದು. ಅದರಲ್ಲಿ ಪೆಡಲ್ ಮುಂದಿನ ಗಾಲಿಗೇ ನೇರವಾಗಿ ಕೂಡಿರುತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮ ಇರುವ, ಹಿಂದಿನ ಗಾಲಿಗೆ ಚೈನು ಹಾಕಿದ ರೋವರ್ ಸೈಕಲ್ ಹೊರತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರ್ ತಂದ. ಆಗಲೂ ಫ್ರೀವೀಲ್ ಇರಲಿಲ್ಲ. ಕಾಲಿಗೆ ವಿಶ್ರಾಂತಿ ಕೊಡುವ ಆ ಸಣ್ಣ ಚಕ್ರ ಎಲ್ಲ ಕಡೆ ಬಳಕೆಗೆ ಬಂದದ್ದು 1900ರ ಆಚೀಚೆ. ಅಲ್ಲಿಯವರೆಗೆ ಇಳಿಜಾರಿನಲ್ಲೂ ಕಾಲು ಆಡಿಸುತ್ತಲೇ ಇರಬೇಕಿತ್ತು. ಇಲ್ಲವೆಂದರೆ ಕಾಲು ಪೆಡಲ್ಲಿನಿಂದ ತೆಗೆದು ಅಗಲಿಸಿ, ದೇವರ ಮೇಲೆ ಭಾರ ಹಾಕಿ ಇಳಿಯಬೇಕಿತ್ತು.

ಫ್ರೀವೀಲ್ ಬಂದ ಮೇಲೆ ಹಾದಿಯ ಮೇಲಿನ ಸೈಕಲ್ ಬದಲಾಯಿತು, ರೇಸಿನ ಟ್ರ್ಯಾಕಿನ ಸೈಕಲ್ ಬದಲಾಗಲಿಲ್ಲ. ಇವತ್ತಿಗೂ ಒಲಿಂಪಿಕ್ಸ್‌ನ ಟ್ರ್ಯಾಕ್ ಸೈಕಲ್ಲಿಗೆ ಒಂದೇ ಗೇರು, ಫ್ರೀವೀಲ್ ಇಲ್ಲ, ಬ್ರೇಕ್ ಇಲ್ಲ. ಬೋಗುಣಿಯ ಹಾಗೆ ಅಂಚು ಎದ್ದ ವೆಲೊಡ್ರೋಮ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡೇ ಓಡಿಸುತ್ತಾರೆ. ಮುಂದಿನವ ಒಮ್ಮೆಲೇ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ನೆಲಕ್ಕೆ. ಬ್ರೇಕೇ ಇಲ್ಲದಿದ್ದರೆ ಆ ಭಯ ಕಡಿಮೆ.

ಇಂಥ ಸೈಕಲ್ಲಿನ ಮೇಲೆ ಕೂಡುವುದು ಹೇಗೆ ಎಂಬ ಪ್ರಶ್ನೆ ಏಳುವುದು ಇಲ್ಲೇ. ಒಂದು ಲೆಕ್ಕ ಹಾಕಿ ನೋಡಿ. ಮುಂದಿನ ಚೈನ್ ವೀಲಿಗೆ 48 ಹಲ್ಲು, ಹಿಂದಿನ ಚಕ್ರಕ್ಕೆ 16 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿ ಮೂರು ಸುತ್ತು ಬರುತ್ತದೆ. ರೇಸ್ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಅಂದರೆ ಪೆಡಲ್ಲಿನ ಒಂದು ಸುತ್ತಿಗೆ 6.3 ಮೀಟರ್. ವಿಜಯಪುರದಿಂದ ತಿಕೋಟಾ ಸುಮಾರು 20 ಕಿಲೋಮೀಟರ್. ಮೂರು ಸಾವಿರಕ್ಕೂ ಹೆಚ್ಚು ಸಲ ಕಾಲು ಸುತ್ತಬೇಕು. ಮಾಮೂಲಿ ಸೈಕಲ್ಲಿನಲ್ಲಿ ಸೀಟು ಎರಡು ಬೆರಳು ಕೆಳಗಿದ್ದರೂ ನಡುನಡುವೆ ಕಾಲು ಬಿಟ್ಟು ಸುಧಾರಿಸಿಕೊಳ್ಳಬಹುದು. ಇದರಲ್ಲಿ ಆ ಎರಡು ಬೆರಳಿನ ತಪ್ಪನ್ನು ಮೊಣಕಾಲು ಮೂರು ಸಾವಿರ ಸಲ ತಿನ್ನಬೇಕು.

ಹಾಗಾಗಿಯೇ ಸೈಕಲ್ಲನ್ನು ಮೈಗೆ ಹೊಂದಿಸುವ ವಿದ್ಯೆಯ ಬಹುಪಾಲನ್ನು ರೇಸಿನವರೇ ನೋವು ತಿಂದು ಕಲಿತರು.

ಅಮೆರಿಕದ ಮೇಜರ್ ಟೇಲರ್ ಅಂಥವರಲ್ಲೊಬ್ಬ. 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಕರಿಯ ಜನಾಂಗದ ಹುಡುಗ, ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಯ ಮುಂದೆ ಸಿಪಾಯಿಯ ಅಂಗಿ ತೊಟ್ಟು ಸೈಕಲ್ ಕಸರತ್ತು ತೋರಿಸುತ್ತಿದ್ದುದರಿಂದ 'ಮೇಜರ್' ಎಂಬ ಹೆಸರು ಅಂಟಿಕೊಂಡಿತು. ಬಣ್ಣದ ಕಾರಣಕ್ಕೆ ಎಷ್ಟೋ ಟ್ರ್ಯಾಕುಗಳಲ್ಲಿ ಅವನನ್ನು ಒಳಗೇ ಬಿಡಲಿಲ್ಲ. ಬಿಟ್ಟ ಕಡೆ ಉಳಿದವರು ಕೂಡಿಕೊಂಡು ಸುತ್ತುಗಟ್ಟಿ ಅವನಿಗೆ ದಾರಿ ಬಿಡುತ್ತಿರಲಿಲ್ಲ. ಆದರೂ 1899ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಮುಂದಕ್ಕೆ ಬಾಗಿ ಕೂಡಲು ಹ್ಯಾಂಡಲ್ಲನ್ನು ಸೈಕಲ್ಲಿನಿಂದ ಮುಂದೆ ಚಾಚುವ, ಬೇಕಾದಷ್ಟು ಹಿಂದೆ ಮುಂದೆ ಸರಿಸಬಹುದಾದ ಒಂದು ಕೊಂಡಿ ಅವನ ಸೈಕಲ್ಲಿನಲ್ಲಿತ್ತು. ಇವತ್ತಿಗೂ ಹಳೆ ಸೈಕಲ್ಲಿನ ಹುಚ್ಚಿರುವವರು ಅದನ್ನು ಟೇಲರ್ ಹೆಸರಿನಿಂದಲೇ ಕರೆಯುತ್ತಾರೆ. 1932ರಲ್ಲಿ ಶಿಕಾಗೋದಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತ. ಹೆಸರಿನ ಕಲ್ಲೂ ಇಲ್ಲದೆ ಮಣ್ಣು ಮಾಡಿದರು. 1948ರಲ್ಲಿ ಹಳೆಯ ರೇಸುಗಾರರು ಸೇರಿ ಒಳ್ಳೆಯ ಜಾಗದಲ್ಲಿ ಮತ್ತೆ ಸಮಾಧಿ ಮಾಡಿಸಿದರು.

ಇನ್ನೊಬ್ಬ ಬೆಲ್ಜಿಯಂನ ಎಡ್ಡಿ ಮರ್ಕ್ಸ್. 1969ರಲ್ಲಿ ಟ್ರ್ಯಾಕಿನ ಮೇಲೆ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಸೀಟಿನ ಮೇಲೆ ಕೂಡುವುದೇ ಅವನಿಗೆ ಹಿಂಸೆಯಾಯಿತು. ಮೇಲೆ ಕೆಳಗೆ, ಹಿಂದೆ ಮುಂದೆ ಎಂದು ಸೀಟು ಸರಿಸುವುದು ಅವನಿಗೊಂದು ಗೀಳೇ ಆಯಿತು. ಅದೇ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ, ಫ್ರೀವೀಲ್ ಇಲ್ಲದ ಸೈಕಲ್ಲಿನ ಮೇಲೆ ಒಂದು ತಾಸಿನಲ್ಲಿ 49.431 ಕಿಲೋಮೀಟರ್ ಹೋದ. ಒಂದು ತಾಸು ಕಾಲು ನಿಲ್ಲಿಸಂಗಿಲ್ಲ, ಸೀಟು ಮುಟ್ಟಂಗಿಲ್ಲ.

ಇನ್ನು ನಮ್ಮ ಕಡೆಯ ಮಾತು. ಅಟ್ಲಾಸ್ 1951ರಲ್ಲಿ ಸೋನಿಪತ್‌ನಲ್ಲಿ, ಹೀರೋ 1956ರಲ್ಲಿ ಲೂಧಿಯಾನಾದಲ್ಲಿ ಶುರುವಾದವು. ಹಳ್ಳಿಗೆ ಬಂದದ್ದು ಎತ್ತರದ ಕರಿ ಸೈಕಲ್. ಕಾಳಿನ ಚೀಲ, ಹಾಲಿನ ಕ್ಯಾನು, ಹಿಂದೆ ಅವ್ವ, ಮುಂದೆ ಬಾರಿನ ಮೇಲೆ ಮಗ, ಎಲ್ಲದಕ್ಕೂ ಅದೊಂದೇ. ಆರು ಅಡಿ ಅಪ್ಪನಿಗೂ ನಾಲ್ಕು ಅಡಿ ಮಗನಿಗೂ ಅದೇ ಸೈಕಲ್ ಆದ್ದರಿಂದ ನಾವೆಲ್ಲ ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆದೇ ಕಲಿತೆವು. ಸೈಕಲ್ ನಮಗೆ ಹೊಂದಲಿಲ್ಲ, ನಾವೇ ಸೊಟ್ಟಗಾಗಿ ಅದಕ್ಕೆ ಹೊಂದಿದೆವು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರಿ ಸೈಕಲ್ ಬಂದಾಗಲೂ, ಸೀಟು ಎಷ್ಟು ಎತ್ತರ ಇರಬೇಕು ಎಂದು ನಮಗೆ ಯಾರೂ ಹೇಳಲಿಲ್ಲ. ಕಾಲು ನೆಲಕ್ಕೆ ಹತ್ತಿದರೆ ಸಾಕಿತ್ತು.

ಆ ರೂಢಿ ರೇಸಿಗೆ ಹೋಗುವ ಮಕ್ಕಳ ಜೊತೆಗೂ ಹೋಗುತ್ತದೆ. ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯ ಇದೆ. 1997ಕ್ಕಿಂತ ಮೊದಲು ಒಂದೇ ಜಿಲ್ಲೆಯಾಗಿದ್ದ ವಿಜಯಪುರ, ಬಾಗಲಕೋಟೆಗಳಿಂದ ರಾಜ್ಯಕ್ಕೆ, ದೇಶಕ್ಕೆ ಆಡಿದ ಸೈಕಲ್ ಪಟುಗಳು ಬಹಳ ಜನ, ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ಹೆಚ್ಚಿನವರು ಹೊಲ ಮಾಡುವವರ, ಕೂಲಿ ಮಾಡುವವರ ಮಕ್ಕಳು. ದೆಹಲಿಯಲ್ಲಿ 1982ರ ಏಷ್ಯನ್ ಗೇಮ್ಸ್‌ಗೆ ಸಿಮೆಂಟಿನ ವೆಲೊಡ್ರೋಮ್ ಆಯಿತು, 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಕಟ್ಟಿಗೆ ಹಲಗೆಯ ವೆಲೊಡ್ರೋಮ್ ಆಯಿತು. ನಮ್ಮಲ್ಲಿ ವೆಲೊಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆಯಿತು. ಅಷ್ಟೂ ವರ್ಷ ಟ್ರ್ಯಾಕಿನ ಪದಕದ ಕನಸಿನ ಮಕ್ಕಳು ತಯಾರಾದದ್ದು ಲಾರಿ ಓಡುವ ಡಾಂಬರು ರಸ್ತೆಯ ಮೇಲೆ.

ಒಳ್ಳೆಯ ರೇಸ್ ಸೈಕಲ್ಲಿನ ಬೆಲೆ ಲಕ್ಷದ ಮಾತು. ಹೀಗಾಗಿ ಒಂದೇ ಸೈಕಲ್ ಅಣ್ಣನಿಂದ ತಮ್ಮನಿಗೆ, ಹಿರಿಯರಿಂದ ಕಿರಿಯರಿಗೆ ಬರುತ್ತದೆ. ಸೀಟು ಮಾತ್ರ ಹಿಂದಿನವರ ಅಳತೆಗೇ ಉಳಿದಿರುತ್ತದೆ. ಸೈಕಲ್ ಬದಲಿಸಲು ದುಡ್ಡು ಬೇಕು, ಸೀಟು ಸರಿಸಲು ಒಂದು ಪಾನಾ ಸಾಕು. ನಮಗೆ ಸಿಟ್ಟು ಬರುವುದು ಇದಕ್ಕೇ.

ಅಳತೆ ತೆಗೆಯುವ ರೀತಿ ಗುಟ್ಟಿನದೇನಲ್ಲ. 1967ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಇಬ್ಬರು ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿನಲ್ಲಿ ದಪ್ಪ ಪುಸ್ತಕ ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 1.09ರಿಂದ ಗುಣಿಸಿ. ಪೆಡಲ್ ಅತಿ ಕೆಳಗೆ ಇದ್ದಾಗ ಪೆಡಲ್ಲಿನಿಂದ ಸೀಟಿನ ಮೇಲ್ಮೈವರೆಗೆ ಅಷ್ಟು ಇರಬೇಕು. ಒಳಗಾಲು 75 ಸೆಂ.ಮೀ. ಇದ್ದರೆ ಸುಮಾರು 82 ಸೆಂ.ಮೀ. ಟೇಪ್ ಇಲ್ಲದಿದ್ದರೆ ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಕೆಳಗೆ ಬಂದಾಗ ಕಾಲು ನೇರ ಆಗಬೇಕು, ಸೊಂಟ ಓಲಾಡಬಾರದು. ಆಮೇಲೆ ಮುಂಗಾಲಿನಿಂದ ತುಳಿದರೆ ಮೊಣಕಾಲು ಸ್ವಲ್ಪ ಮಡಚಿಯೇ ಇರುತ್ತದೆ. ಇವು ಶುರು ಮಾಡಲಿಕ್ಕೆ ಅಷ್ಟೇ, ಕೊನೆಯ ಮಾತು ನಿಮ್ಮ ಮೊಣಕಾಲಿನದು. ಮೊಣಚಿಪ್ಪಿನ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ. ಒಮ್ಮೆಗೇ ಬಹಳ ಸರಿಸಬೇಡಿ.

ಸೀಟಿನ ಅಗಲವೂ ಮುಖ್ಯ. ಇಂಗ್ಲೆಂಡಿನ ಜಾನ್ ಬ್ರೂಕ್ಸ್ ಕುದುರೆ ಸತ್ತ ಮೇಲೆ ಸೈಕಲ್ ಹತ್ತಿ, ಕಟ್ಟಿಗೆಯ ಸೀಟಿನ ಕಾಟ ತಾಳಲಾರದೆ 1882ರಲ್ಲಿ ಚರ್ಮದ ಸೀಟಿನ ಪೇಟೆಂಟ್ ಪಡೆದ ಎಂಬ ಕತೆ ಇದೆ. ನಮ್ಮ ಅಜ್ಜಂದಿರ ಸ್ಪ್ರಿಂಗಿನ ಸೀಟು ಆ ಜಾತಿಯದೇ. ಅದು ನೆಟ್ಟಗೆ ಕೂಡುವವರಿಗೆ ಸರಿ. ಬಾಗಿ ಕೂಡುವ ರೇಸ್ ಸೈಕಲ್ಲಿಗೆ ಸೀಟು ಸಪೂರ ಇರಬೇಕು, ಆದರೆ ಕೂಡುವ ಎರಡು ಎಲುಬುಗಳಿಗೆ ಆಸರೆ ಸಿಗುವಷ್ಟಾದರೂ ಅಗಲ ಬೇಕು. ಹೆಣ್ಣುಮಕ್ಕಳಲ್ಲಿ ಆ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಅಣ್ಣನ ಸೀಟಿನ ಮೇಲೆ ಕೂತ ತಂಗಿಗೆ ಜೋಮು ಹಿಡಿದರೆ, ಚರ್ಮ ಕಿತ್ತರೆ, ಅವಳು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಕೊನೆಗೆ ಸೈಕಲ್ಲೇ ಬಿಡುತ್ತಾಳೆ. ಮನೆಯ ಹೆಣ್ಣುಮಕ್ಕಳು ಯಾರಾದರೂ ಒಮ್ಮೆ ಕೇಳಿದರೆ ಒಳ್ಳೆಯದು.

ಕಾಕಾ ಹೇಳಿದ ಇನ್ನೊಂದು ಮಾತು ಬಿಡುವ ಹಾಗಿಲ್ಲ. ಕೆಲವು ಹುಡುಗರು ಮಾಮೂಲಿ ಸೈಕಲ್ಲಿನ ಫ್ರೀವೀಲಿಗೆ ವೆಲ್ಡಿಂಗ್ ಹೊಡೆಸಿ ಇಂಥದ್ದೇ ಸೈಕಲ್ ಮಾಡಿಕೊಳ್ಳುತ್ತಾರಂತೆ. ಬೇಡ. ಖರೇ ಟ್ರ್ಯಾಕ್ ಸೈಕಲ್ಲಿನ ಹಬ್ಬಿನಲ್ಲಿ ಹಲ್ಲಿನ ಚಕ್ರದ ಮೇಲೆ ಉಲ್ಟಾ ಮರೆಯ ಇನ್ನೊಂದು ಬಳೆ ಕೂಡುತ್ತದೆ. ಕಾಲಿನಿಂದ ಹಿಂದಕ್ಕೆ ಒತ್ತಿ ವೇಗ ತಗ್ಗಿಸುವಾಗ ಚಕ್ರ ಬಿಚ್ಚದ ಹಾಗೆ ಹಿಡಿಯುವುದು ಅದೇ. ವೆಲ್ಡ್ ಮಾಡಿದ್ದಕ್ಕೆ ಆ ಬಳೆ ಇಲ್ಲ. ಚೈನು ಸಡಿಲ ಬಿಟ್ಟರೂ ಅಷ್ಟೇ ಅಪಾಯ, ಅದು ಕಳಚಿ ಸಿಕ್ಕಿಕೊಂಡರೆ ಹಿಂದಿನ ಗಾಲಿ ಗಪ್ಪನೆ ನಿಲ್ಲುತ್ತದೆ. ಇನ್ನು ರಸ್ತೆಗಿಳಿದ ಮೇಲೆ ಮುಂದಿನ ಬ್ರೇಕ್ ಬೇಕೇ ಬೇಕು. ಟ್ರ್ಯಾಕಿನಲ್ಲಿ ಎದುರಿಗೆ ಎಮ್ಮೆ ಬರುವುದಿಲ್ಲ.

ನಮ್ಮ ಗೆಳೆಯನ ಒಳಗಾಲು 78 ಸೆಂ.ಮೀ. ಲೆಕ್ಕದ ಪ್ರಕಾರ 85 ಬೇಕು, ಸೀಟು ಇದ್ದದ್ದು 81ಕ್ಕೆ. ಕಾಕಾ ಮೊದಲ ವಾರ ಅರ್ಧ, ಮುಂದಿನ ವಾರ ಅರ್ಧ ಏರಿಸಿದರು. ಅವನ ಸೈಕಲ್ಲಿನ ಫೋರ್ಕ್‌ನಲ್ಲಿ ಬ್ರೇಕಿನ ತೂತೇ ಇರಲಿಲ್ಲ. ಬೇರೆ ಫೋರ್ಕ್ ಹುಡುಕಿ ಹಾಕಿ ಬ್ರೇಕ್ ಕೂಡಿಸಿದ್ದಾಯಿತು. ಹಿಂದಿನ ಚಕ್ರ 16 ಹಲ್ಲಿನದು ತೆಗೆದು 18ರದು ಹಾಕಿದರು, ಪಡುವಣ ಗಾಳಿಗೆ ಎದುರಾಗಿ ಹೋಗಲು ತುಸು ಹಗುರ.

ಹೋದ ಭಾನುವಾರ ಅವನು ಬಬಲೇಶ್ವರಕ್ಕೆ ಹೋಗಿ ಬಂದ. ಹೋಗುವಾಗ ಗಾಳಿ ಎದೆಗೆ, ಬರುವಾಗ ಬೆನ್ನಿಗೆ.

"ಬರೂವಾಗ ಕಾಲು ಗಿರಿಗಿರಿ ತಿರಗಿದೂರೀ ಕಾಕಾ, ನಾ ತುಳೀಲಾರದನ."

"ನಿಂದ್ರಿಸಿದೇನು?"

"ಇಲ್ಲರೀ. ಬ್ರೇಕ್ ಹಿಡದ್ನಿ."