ಲಿಥಿಯಂ: ಉಪ್ಪುನೀರಿನಿಂದ ಬ್ಯಾಟರಿಗೆ, ಗುಜರಿಯಿಂದ ಮತ್ತೆ ಬ್ಯಾಟರಿಗೆ

ಒಂದು ಸಾಮಾನ್ಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲಿರುವ ಲಿಥಿಯಂ ಸುಮಾರು 300 ಗ್ರಾಂ. ಕಾರಿನದಾದರೆ ಐದಾರು ಕಿಲೋ. ಒಂದು ಕಿಲೋವ್ಯಾಟ್-ಗಂಟೆ ವಿದ್ಯುತ್ತನ್ನು ಹಿಡಿದಿಡಲು ಹತ್ತಿರಹತ್ತಿರ 100 ಗ್ರಾಂ ಲಿಥಿಯಂ ಬೇಕೆಂಬುದು ಸ್ಥೂಲ ಲೆಕ್ಕ. ಪೆಟ್ರೋಲು ಒಮ್ಮೆ ಉರಿದರೆ ಮುಗಿಯಿತು, ಅದನ್ನು ಮರಳಿ ಪಡೆಯಲಾಗದು. ಲಿಥಿಯಂ ಹಾಗಲ್ಲ. ಎಂಟು ಹತ್ತು ವರ್ಷ ದುಡಿದು ಬ್ಯಾಟರಿ ಸೋತುಹೋದ ಮೇಲೂ ಅದರೊಳಗಿನ ಲೋಹ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುತ್ತದೆ. ಸ್ವಚ್ಛ ಇಂಧನದ ಭರವಸೆ ನಿಂತಿರುವುದು ಈ ಗುಣದ ಮೇಲೆ. ಆದರೆ ಆ ಲೋಹ ಮೊದಲ ಬಾರಿಗೆ ನೆಲದಿಂದ ಮೇಲೆ ಬರುವಾಗ ಯಾರ ನೀರನ್ನು, ಯಾರ ನೆಲವನ್ನು ತೆಗೆದುಕೊಂಡಿತು ಎಂಬುದನ್ನು ಬಿಟ್ಟು ಭರವಸೆಯ ಮಾತಾಡುವುದು ಸರಿಯಲ್ಲ.

ಲೋಹದ ಪರಿಚಯ

ಲಿಥಿಯಂ ಲೋಹಗಳಲ್ಲೆಲ್ಲ ಹಗುರ. ನೀರಿನ ಮೇಲೆ ತೇಲುವಷ್ಟು. ಸ್ವೀಡನ್ನಿನ ಯೊಹಾನ್ ಆಗಸ್ಟ್ ಅರ್ಫ್ವೆಡ್ಸನ್ 1817ರಲ್ಲಿ ಪೆಟಲೈಟ್ ಎಂಬ ಖನಿಜದಲ್ಲಿ ಇದನ್ನು ಗುರುತಿಸಿದ. ಗಾಜು, ಪಿಂಗಾಣಿ, ಗ್ರೀಸ್, ಮಾನಸಿಕ ಕಾಯಿಲೆಗೆ ಕೊಡುವ ಔಷಧ, ಇಷ್ಟರಲ್ಲೇ ಬಹುಕಾಲ ಅದರ ಬಳಕೆ ಮುಗಿಯುತ್ತಿತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಚಿತ್ರ ಬದಲಾಯಿತು. ಆ ಬ್ಯಾಟರಿಗೆ ದಾರಿ ಮಾಡಿಕೊಟ್ಟ ಜಾನ್ ಗುಡ್ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 2010ರಲ್ಲಿ 30 ಸಾವಿರ ಟನ್ನಿನ ಒಳಗಿದ್ದ ಜಗತ್ತಿನ ವಾರ್ಷಿಕ ಉತ್ಪಾದನೆ 2024ರ ಹೊತ್ತಿಗೆ 2 ಲಕ್ಷ ಟನ್ ದಾಟಿತ್ತು.

ಅಟಕಾಮದ ಕೊಳಗಳು

ಚಿಲಿ ದೇಶದ ಉತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ ಅಟಕಾಮದ ಉಪ್ಪುಬಯಲಿದೆ. ಜಗತ್ತಿನ ಅತಿ ಒಣ ಪ್ರದೇಶಗಳಲ್ಲಿ ಒಂದು. ಬಯಲಿನ ಗಟ್ಟಿ ಉಪ್ಪಿನ ಪದರದ ಕೆಳಗೆ ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪಾದ ನೀರು ನಿಂತಿದೆ. ಆಂಡೀಸ್ ಪರ್ವತದ ಜ್ವಾಲಾಮುಖಿ ಕಲ್ಲುಗಳಿಂದ ಕರಗಿ ಬಂದ ಲಿಥಿಯಂ ಸಾವಿರಾರು ವರ್ಷಗಳಿಂದ ಅಲ್ಲಿ ಸೇರುತ್ತ ಬಂದಿದೆ. ಲೀಟರಿಗೆ ಸುಮಾರು ಒಂದೂವರೆ ಗ್ರಾಂ.

ತೆಗೆಯುವ ವಿಧಾನ ಸರಳ: ನೀರನ್ನು ಪಂಪಿನಿಂದ ಎತ್ತಿ ವಿಶಾಲವಾದ, ಆಳವಿಲ್ಲದ ಕೊಳಗಳಿಗೆ ಹರಿಸುತ್ತಾರೆ, ಬಿಸಿಲಿಗೆ ಬಿಡುತ್ತಾರೆ. ಮೊದಲ ಕೊಳದಲ್ಲಿ ಅಡುಗೆ ಉಪ್ಪು ತಳಕ್ಕಿಳಿಯುತ್ತದೆ, ಮುಂದಿನ ಕೊಳಗಳಲ್ಲಿ ಗೊಬ್ಬರಕ್ಕೆ ಬೇಕಾದ ಪೊಟ್ಯಾಸಿಯಂ ಲವಣಗಳು. ವರ್ಷ, ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಉಳಿದ ಹಳದಿ ದ್ರಾವಣದಲ್ಲಿ ಲಿಥಿಯಂ ಶೇ. 6ರ ಆಸುಪಾಸಿಗೆ ಏರಿರುತ್ತದೆ. ಅದನ್ನು ಟ್ಯಾಂಕರುಗಳಲ್ಲಿ ಆಂಟೊಫಗಸ್ಟ ನಗರದ ಹತ್ತಿರದ ಕಾರ್ಖಾನೆಗಳಿಗೆ ಒಯ್ದು, ಸೋಡಾ ಬೂದಿ ಬೆರೆಸಿ ಲಿಥಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ ಮಾಡುತ್ತಾರೆ. ಇಂಧನದ ಖರ್ಚು ತೀರಾ ಕಡಿಮೆ, ಏಕೆಂದರೆ ಮುಖ್ಯ ಕೆಲಸ ಮಾಡುವವನು ಸೂರ್ಯ.

ಖರ್ಚಾಗುವುದು ನೀರು. ಒಂದು ಟನ್ ಲಿಥಿಯಂ ಕಾರ್ಬೊನೇಟಿನಲ್ಲಿ 188 ಕಿಲೋ ಲಿಥಿಯಂ ಇರುತ್ತದೆ. ಲೀಟರಿಗೆ ಒಂದೂವರೆ ಗ್ರಾಂ ಎಂದರೆ, ಒಂದು ಕಣವೂ ಪೋಲಾಗದಿದ್ದರೂ ಒಂದು ಟನ್ನಿಗೆ ಒಂದೂಕಾಲು ಲಕ್ಷ ಲೀಟರ್ ಉಪ್ಪುನೀರು ಎತ್ತಬೇಕು. ವಾಸ್ತವದಲ್ಲಿ ಪೋಲು ಬಹಳ, ಆದ್ದರಿಂದ ಎತ್ತುವ ನೀರೂ ಬಹಳ. ಅದು ಕುಡಿಯುವ ನೀರಲ್ಲ, ಬೇಸಾಯದ ನೀರೂ ಅಲ್ಲ ಎಂಬುದು ಕಂಪನಿಗಳ ವಾದ. ಚಿಲಿಯ ಕಾನೂನು ಕೂಡ ಈ ದ್ರವವನ್ನು ಖನಿಜವೆಂದೇ ನೋಡುತ್ತ ಬಂದಿದೆ. ಆದರೆ ನೆಲದೊಳಗೆ ಸಿಹಿನೀರಿಗೂ ಉಪ್ಪುನೀರಿಗೂ ನಡುವೆ ಗೋಡೆಯಿಲ್ಲ. ಬಯಲಿನ ಅಂಚಿನಲ್ಲಿ ಎರಡೂ ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ಅಲ್ಲಿನ ಕೆರೆಗಳು, ಜೌಗು ಹುಲ್ಲುಗಾವಲುಗಳು, ಲಿಕನ್ ಆಂತಾಯ್ ಎಂಬ ಮೂಲನಿವಾಸಿಗಳ ಹಳ್ಳಿಗಳು ಉಳಿದಿರುವುದೇ ಆ ಅಂಚಿನ ನೀರಿನಿಂದ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಈ ಬಯಲಿನ ಎರಡು ಜಾತಿಯ ರಾಜಹಂಸಗಳ ಸಂಖ್ಯೆ ಹನ್ನೊಂದು ವರ್ಷಗಳಲ್ಲಿ ಶೇ. 10ರಿಂದ 12ರಷ್ಟು ಇಳಿದದ್ದನ್ನು ಗಣಿಗಾರಿಕೆಯ ಜೊತೆಗಿಟ್ಟು ತೋರಿಸಿತು. ಚಿಲಿ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹದ ರೇಡಾರ್ ಚಿತ್ರಗಳನ್ನು ಪರಿಶೀಲಿಸಿದಾಗ ಪಂಪುಗಳಿರುವ ಭಾಗದ ನೆಲ ವರ್ಷಕ್ಕೆ 1ರಿಂದ 2 ಸೆಂಟಿಮೀಟರ್ ಕುಸಿಯುತ್ತಿರುವುದು ಕಂಡಿತು.

ಸ್ಥಳೀಯರ ಹಕ್ಕಿನ ವಿಷಯದಲ್ಲಿ ಒಂದಿಷ್ಟು ಬದಲಾವಣೆ ಆಗಿದೆ. ಇಲ್ಲಿ ಲಿಥಿಯಂ ತೆಗೆಯುವ ಆಲ್ಬೆಮಾರ್ಲ್ ಕಂಪನಿ 2016ರಲ್ಲಿ ಅಟಕಾಮದ ಮೂಲನಿವಾಸಿಗಳ ಮಂಡಳಿಯೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಮಾರಾಟದ ಶೇ. 3.5ರಷ್ಟು ಹಣ ಅವರಿಗೆ ಸೇರಬೇಕು. ಹಣ ಬೇಕಾದದ್ದೇ. ಅದಕ್ಕಿಂತ ಮುಖ್ಯವಾದದ್ದು, ಎಷ್ಟು ನೀರು ಎತ್ತಲಾಗುತ್ತಿದೆ ಎಂಬ ಅಳತೆ ಕಂಪನಿಯ ಕೈಯಲ್ಲಷ್ಟೇ ಇರದೆ ಊರಿನವರ ಕಣ್ಣೆದುರಿಗೂ ಇರುವುದು.

ಕಲ್ಲಿನಿಂದ

ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಷಸ್ ಗಣಿಯಲ್ಲಿ ಲಿಥಿಯಂ ಸಿಗುವುದು ಸ್ಪಾಡ್ಯುಮೀನ್ ಎಂಬ ಕಲ್ಲಿನಿಂದ. ಕಲ್ಲನ್ನು ಪುಡಿಮಾಡಿ, ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದು, ಗಂಧಕಾಮ್ಲ ಬೆರೆಸಿ ಮತ್ತೆ ಕಾಯಿಸಿ, ಆಮೇಲೆ ನೀರಿನಲ್ಲಿ ಲಿಥಿಯಂ ತೊಳೆದು ತೆಗೆಯಬೇಕು. ವರ್ಷಗಟ್ಟಲೆ ಕಾಯುವ ಗೊಡವೆಯಿಲ್ಲ, ಆದರೆ ಕುಲುಮೆಯ ಬೆಂಕಿ ಬೇಕು. ಆ ಹುರಿಯುವ ಕೆಲಸ ಹೆಚ್ಚಾಗಿ ನಡೆಯುವುದು ಚೀನಾದಲ್ಲಿ, ಕಲ್ಲಿದ್ದಲಿನ ಬಲದಿಂದ. ಹಾಗಾಗಿ ಕಲ್ಲಿನ ಲಿಥಿಯಂ ಉಪ್ಪುನೀರಿನ ಲಿಥಿಯಂಗಿಂತ ಸುಮಾರು ಮೂರು ಪಟ್ಟು ಇಂಗಾಲ ಉಗುಳುತ್ತದೆ.

ಆವಿ ಮಾಡದೆ ತೆಗೆಯುವುದು

ಮೂರನೆಯ ದಾರಿಯೊಂದಿದೆ: ಉಪ್ಪುನೀರನ್ನು ಲಿಥಿಯಂ ಮಾತ್ರ ಹೀರಿಕೊಳ್ಳುವ ಪದಾರ್ಥದ ಮೂಲಕ ಹಾಯಿಸಿ, ಉಳಿದ ನೀರನ್ನು ಮರಳಿ ನೆಲಕ್ಕೇ ಬಿಡುವುದು. ಇದನ್ನು ನೇರ ಹೊರತೆಗೆಯುವಿಕೆ ಎನ್ನುತ್ತಾರೆ. ಅರ್ಜೆಂಟೀನಾದ ಹೊಂಬ್ರೆ ಮುಯೆರ್ತೊ ಉಪ್ಪುಬಯಲಿನಲ್ಲಿ ಇದರ ಒಂದು ರೂಪ 1990ರ ದಶಕದ ಕೊನೆಯಿಂದಲೂ ನಡೆದಿದೆ. ಜರ್ಮನಿಯ ರೈನ್ ಕಣಿವೆಯಲ್ಲಿ ಭೂಗರ್ಭದ ಬಿಸಿನೀರಿನಿಂದ ಶಾಖವನ್ನೂ ಲಿಥಿಯಂ ಅನ್ನೂ ಒಟ್ಟಿಗೆ ಪಡೆಯುವ ಯೋಜನೆ ಸಾಗಿದೆ. ಹದಿನೆಂಟು ತಿಂಗಳ ಕೆಲಸ ಕೆಲವೇ ಗಂಟೆಗಳಿಗೆ ಇಳಿಯುತ್ತದೆ. ಆದರೂ ಇದು ಎಲ್ಲ ಕಡೆಗೂ ಒಗ್ಗುವ ಮದ್ದಲ್ಲ. ಹೀರಿಕೊಂಡ ಲಿಥಿಯಂ ಬಿಡಿಸಲು ಸಿಹಿನೀರೇ ಬೇಕಾಗುತ್ತದೆ, ಮರುಭೂಮಿಯಲ್ಲಿ ಅದೇ ದುರ್ಲಭ. ಮರಳಿ ಬಿಟ್ಟ ನೀರು ಸುತ್ತಲಿನ ಉಪ್ಪುನೀರನ್ನು ತೆಳುವಾಗಿಸದಂತೆಯೂ ನೋಡಿಕೊಳ್ಳಬೇಕು.

ಮಂಡ್ಯದ ಲಿಥಿಯಂ, ರಿಯಾಸಿಯ ಲಿಥಿಯಂ

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇದೆಯೆಂಬ ಸುದ್ದಿ 2020ರ ಆರಂಭದಲ್ಲಿ ದೊಡ್ಡದಾಗಿ ಹಬ್ಬಿತು. ಆಗ ಬಂದ ಅಂದಾಜು 14,100 ಟನ್. ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆ ಆಮೇಲೆ ಕೊಟ್ಟ ಲೆಕ್ಕ 1,600 ಟನ್, ಅದೂ ಇನ್ನೂ ಪೂರ್ತಿ ಖಚಿತಪಡದ ಊಹಿತ ವರ್ಗದಲ್ಲಿ. ಅಷ್ಟನ್ನೂ ಶುದ್ಧ ಲೋಹವೆಂದೇ ಎಣಿಸಿ, ಒಂದು ಗ್ರಾಂ ಕೂಡ ನಷ್ಟವಾಗದೆ ಹೊರತೆಗೆದರೂ ಸುಮಾರು 53 ಲಕ್ಷ ಸ್ಕೂಟರುಗಳಿಗೆ ಸಾಕಾಗಬಹುದು. ದೇಶದಲ್ಲಿ ಒಂದೇ ವರ್ಷಕ್ಕೆ ಮಾರಾಟವಾಗುವ ದ್ವಿಚಕ್ರ ವಾಹನಗಳು ಒಂದೂವರೆ ಕೋಟಿಗೂ ಹೆಚ್ಚು. ಜಮ್ಮುವಿನ ರಿಯಾಸಿಯಲ್ಲಿ 2023ರ ಫೆಬ್ರುವರಿಯಲ್ಲಿ ಘೋಷಿಸಿದ 59 ಲಕ್ಷ ಟನ್ ಅದಿರಿನ ಲೆಕ್ಕ. ಹಲವರು ಅದನ್ನು ಲೋಹದ ತೂಕವೆಂದೇ ಓದಿಕೊಂಡರು. ಅದರ ಹರಾಜಿಗೆ ಸಾಕಷ್ಟು ಬಿಡ್ಡುದಾರರು ಬರದೆ 2024ರಲ್ಲಿ ಅದನ್ನು ರದ್ದು ಮಾಡಬೇಕಾಯಿತು.

ಮಂಡ್ಯದಲ್ಲಿ ಗಣಿ ಬರುವುದೇ ಆದರೆ ಅದು ಕಾವೇರಿ ಸೀಮೆಯ ನಡುವೆ ಬರುತ್ತದೆ. ಇಂಥ ಅದಿರಿನಲ್ಲಿ ಲಿಥಿಯಂ ಪಾಲು ನೂರಕ್ಕೆ ಒಂದರ ಆಚೀಚೆ, ಉಳಿದದ್ದೆಲ್ಲ ಪುಡಿಯಾದ ತ್ಯಾಜ್ಯ. ಆ ತ್ಯಾಜ್ಯ ಏನಾಗುತ್ತದೆ ಎಂದು ತಿಳಿಯಲು ನಾವು ಚಿಲಿಗೆ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕೋಟಿ ಟನ್ನಿಗೂ ಮಿಕ್ಕಿದ ಗಣಿಮಣ್ಣು ಸೈನೈಡ್ ದಿಬ್ಬಗಳಾಗಿ ಇಂದಿಗೂ ಕೆಜಿಎಫ್ ಪಟ್ಟಣದ ಮಗ್ಗುಲಲ್ಲೇ ನಿಂತಿದೆ, ಗಾಳಿ ಎದ್ದಾಗ ಧೂಳು ಮನೆಗಳಿಗೆ ನುಗ್ಗುತ್ತದೆ. ಗಣಿ ತೆರೆಯುವ ಮೊದಲೇ ಅದನ್ನು ಮುಚ್ಚುವ ಹಣ ಠೇವಣಿಯಾಗಿ ಬಂದಿರಬೇಕು, ತ್ಯಾಜ್ಯಕ್ಕೆ ಜಾಗ ಮತ್ತು ಹೊಣೆ ಎರಡೂ ಗೊತ್ತಾಗಿರಬೇಕು ಎಂದು ಪಟ್ಟುಹಿಡಿಯಲು ಕನ್ನಡನಾಡಿಗೆ ಸಾಕಷ್ಟು ಅನುಭವವಿದೆ.

ಹಳೆಯ ಬ್ಯಾಟರಿಯೇ ಅದಿರು

ಸ್ಪಾಡ್ಯುಮೀನ್ ಕಲ್ಲಿಗಿಂತ ಸೋತ ಬ್ಯಾಟರಿಯಲ್ಲಿ ಬೆಲೆಬಾಳುವ ಲೋಹದ ಸಾಂದ್ರತೆ ಹೆಚ್ಚು. ಲಿಥಿಯಂ ಜೊತೆಗೆ ನಿಕಲ್, ಕೋಬಾಲ್ಟ್, ತಾಮ್ರ, ಅಲ್ಯೂಮಿನಿಯಂ ಎಲ್ಲವೂ ಅಲ್ಲೇ ಇವೆ. ಕೋಬಾಲ್ಟಿನ ಮುಖ್ಯ ಮೂಲವಾದ ಕಾಂಗೊ ದೇಶದ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ದಾಖಲಿಸಿತ್ತು. ಹಾಗಾಗಿ ಮರಳಿ ಪಡೆದ ಪ್ರತಿ ಕಿಲೋ ಕೋಬಾಲ್ಟಿಗೆ ಹಣದಲ್ಲಿ ಅಳೆಯಲಾಗದ ಬೆಲೆಯೂ ಇದೆ.

ಕಾರ್ಖಾನೆಗೆ ಬಂದ ಬ್ಯಾಟರಿಯಲ್ಲಿ ಉಳಿದ ಚಾರ್ಜನ್ನು ಮೊದಲು ಪೂರ್ತಿ ಇಳಿಸುತ್ತಾರೆ. ಆಮೇಲೆ ಗಾಳಿ ಸೋಕದಂತೆ ಚೂರುಮಾಡಿ, ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬೇರ್ಪಡಿಸಿದರೆ ಒಂದು ಕರಿಪುಡಿ ಉಳಿಯುತ್ತದೆ. ಉದ್ಯಮದವರು ಅದನ್ನು ಬ್ಲ್ಯಾಕ್ ಮಾಸ್ ಎನ್ನುತ್ತಾರೆ. ಗ್ರಾಫೈಟೂ ಬೆಲೆಬಾಳುವ ಲೋಹಗಳೂ ಅದರಲ್ಲೇ ಇವೆ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಕುಲುಮೆಗೆ ಹಾಕಿ ಕರಗಿಸಿದರೆ ನಿಕಲ್, ಕೋಬಾಲ್ಟ್, ತಾಮ್ರ ಮಿಶ್ರಲೋಹವಾಗಿ ಸಿಗುತ್ತವೆ, ಲಿಥಿಯಂ ಕಿಟ್ಟದಲ್ಲಿ ಸೇರಿಹೋಗುತ್ತದೆ. ಇನ್ನೊಂದು ದಾರಿ ಆಮ್ಲದ್ದು: ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕರಿಪುಡಿಯನ್ನು ಕರಗಿಸಿ, ದ್ರಾವಕಗಳ ಸಹಾಯದಿಂದ ಒಂದೊಂದೇ ಲೋಹವನ್ನು ಬೇರ್ಪಡಿಸಿ, ಕೊನೆಗೆ ಲಿಥಿಯಂ ಅನ್ನು ಕಾರ್ಬೊನೇಟಾಗಿ ಪಡೆಯುವುದು. ನಿಕಲ್ ಮತ್ತು ಕೋಬಾಲ್ಟನ್ನು ಶೇ. 95ಕ್ಕೂ ಹೆಚ್ಚು ಮರಳಿ ಪಡೆಯಲು ಸಾಧ್ಯ. ಹೊಸ ಘಟಕಗಳು ಬಹುತೇಕ ಈ ದಾರಿ ಹಿಡಿದಿವೆ. ಭಾರತದಲ್ಲಿ ಅಟೆರೊ, ಲೋಹಮ್ ಮುಂತಾದ ಕಂಪನಿಗಳು ಈ ಕೆಲಸದಲ್ಲಿವೆ. ಇದರಲ್ಲೂ ಸೋಡಿಯಂ ಸಲ್ಫೇಟ್ ತುಂಬಿದ ತ್ಯಾಜ್ಯನೀರು ಹುಟ್ಟುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಮರುಬಳಕೆ ಎಂಬ ಮಾತಿಗೇ ಅರ್ಥವಿಲ್ಲ.

ದೊಡ್ಡ ತೊಡಕಿರುವುದು ಲೆಕ್ಕಾಚಾರದಲ್ಲಿ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಬ್ಯಾಟರಿಗಳು ಅಗ್ಗವೂ ಸುರಕ್ಷಿತವೂ ಆಗಿರುವುದರಿಂದ ವೇಗವಾಗಿ ಹರಡುತ್ತಿವೆ. ಅವುಗಳಲ್ಲಿ ನಿಕಲ್ಲೂ ಇಲ್ಲ, ಕೋಬಾಲ್ಟೂ ಇಲ್ಲ; ಗಣಿಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಮರುಬಳಕೆ ಮಾಡುವವರಿಗೆ ಲಾಭ ಬರಬೇಕಾದದ್ದು ಲಿಥಿಯಂ ಒಂದರಿಂದಲೇ. 2022ರ ಕೊನೆಗೆ ಗಗನಕ್ಕೇರಿದ್ದ ಲಿಥಿಯಂ ಬೆಲೆ 2024ರ ಹೊತ್ತಿಗೆ ಶೇ. 80ಕ್ಕೂ ಹೆಚ್ಚು ಕುಸಿದಾಗ ಅವರ ಪಾಡು ಕಷ್ಟವಾಯಿತು. ಬರೀ ಮಾರುಕಟ್ಟೆಯ ಬೆಲೆಗೆ ಬಿಟ್ಟರೆ ಹಳೆಯ ಬ್ಯಾಟರಿಗಳು ಮೂಲೆ ಸೇರುತ್ತವೆ.

ಇನ್ನೊಂದು ಮಿತಿ ಕಾಲದ್ದು. ಇಂದು ಮಾರಾಟವಾದ ಬ್ಯಾಟರಿ ಮರಳುವುದು ಹತ್ತು ಹದಿನೈದು ವರ್ಷಗಳ ನಂತರ. ಅಷ್ಟರಲ್ಲಿ ಬೇಡಿಕೆ ಐದು ಪಟ್ಟು ಬೆಳೆದಿದ್ದರೆ, ಎಲ್ಲ ಬ್ಯಾಟರಿಗಳು ಹಿಂದಿರುಗಿದರೂ ಅಗತ್ಯದ ಐದನೇ ಒಂದು ಭಾಗವಷ್ಟೇ ತುಂಬುತ್ತದೆ. ಮರುಬಳಕೆ ಇದೆಯಲ್ಲ, ಗಣಿ ಏಕೆ ಎನ್ನುವವರೂ, ಗಣಿ ಇದೆಯಲ್ಲ, ಮರುಬಳಕೆಯ ಅವಸರವೇನು ಎನ್ನುವವರೂ ಈ ಲೆಕ್ಕವನ್ನು ಗಮನಿಸಬೇಕು. ಸಂಗ್ರಹದ ಜಾಲವನ್ನು ಈಗ ಕಟ್ಟಿದರೆ ಮಾತ್ರ ಆಗ ಆ ಐದನೇ ಒಂದು ಭಾಗವಾದರೂ ಕೈಗೆ ಸಿಗುತ್ತದೆ.

ನಡುವೆ ಇನ್ನೊಂದು ಬಾಳೂ ಸಾಧ್ಯ. ವಾಹನಕ್ಕೆ ಸಾಲದೆ ಹೋದ ಬ್ಯಾಟರಿಯಲ್ಲೂ ಸಾಮರ್ಥ್ಯದ ಶೇ. 70–80ರಷ್ಟು ಉಳಿದಿರುತ್ತದೆ, ಸೌರ ವಿದ್ಯುತ್ ಶೇಖರಿಸಲು ಅಷ್ಟು ಸಾಕು. ಬರ್ಲಿನ್ ಮತ್ತು ಬೆಂಗಳೂರಿನಲ್ಲಿ ನೆಲೆಯಿರುವ ನುನಾಮ್ ಸಂಸ್ಥೆ ಆಡಿ ಕಾರುಗಳ ಬಳಸಿದ ಬ್ಯಾಟರಿಗಳನ್ನು ಇ-ರಿಕ್ಷಾಗಳಿಗೆ ಅಳವಡಿಸುವ ಪ್ರಯೋಗವನ್ನು 2022ರಲ್ಲಿ ಪ್ರಕಟಿಸಿತು.

ಗುಜರಿ ಅಂಗಡಿಯಿಂದ ಕಾರ್ಖಾನೆಗೆ

ನಮ್ಮಲ್ಲಿ ಇನ್ವರ್ಟರ್ ಬ್ಯಾಟರಿ ಕೆಟ್ಟರೆ ಯಾರೂ ಬಿಸಾಡುವುದಿಲ್ಲ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಅಂಗಡಿಯವರು ಕಡಿತ ಕೊಡುತ್ತಾರೆ. ಸೀಸದ ಬ್ಯಾಟರಿಗಳು ಬಹುಪಾಲು ಮರಳಿ ಬರುವುದಕ್ಕೆ ಈ ವಾಡಿಕೆಯೇ ಕಾರಣ. ಅದೇ ಸೀಸವನ್ನು ಹಿತ್ತಿಲ ಭಟ್ಟಿಗಳಲ್ಲಿ ಕರಗಿಸಿ ಕೂಲಿಗಳ, ಮಕ್ಕಳ ರಕ್ತಕ್ಕೆ ವಿಷ ಸೇರಿಸಿದ್ದೂ ನಮ್ಮ ದೇಶದ ಕಥೆಯೇ. ಲಿಥಿಯಂ ಬ್ಯಾಟರಿಗೆ ಮೊದಲನೆಯದು ಬೇಕು, ಎರಡನೆಯದು ಬೇಡ. ಇದನ್ನು ಸುತ್ತಿಗೆಯಿಂದ ಒಡೆಯುವುದು ಸೀಸದ್ದನ್ನು ಒಡೆಯುವುದಕ್ಕಿಂತ ಅಪಾಯ: ಒಳಗಿನ ಚಾರ್ಜು ಬೆಂಕಿಯಾಗಬಹುದು, ಒಳಗಿನ ಲವಣ ತೇವ ಸೋಕಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ಘೋರ ವಿಷಾನಿಲ ಹುಟ್ಟುತ್ತದೆ.

ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಪರಂಪರೆಯಿದೆ. ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದು. ಆದರೂ ನಗರದ ಹಳೆಯ ಮೊಬೈಲು, ಲ್ಯಾಪ್‌ಟಾಪುಗಳು ಮೊದಲು ತಲುಪುವುದು ಗುಜರಿಯವರನ್ನೇ. ಅವರನ್ನು ಓಡಿಸಿದರೆ ಸಂಗ್ರಹವೇ ನಿಲ್ಲುತ್ತದೆ. ಒಡೆಯದೆ ಇಡೀ ಬ್ಯಾಟರಿಯನ್ನೇ ತಂದುಕೊಟ್ಟವರಿಗೆ ಒಡೆದು ಮಾರಿದ್ದಕ್ಕಿಂತ ಹೆಚ್ಚು ಹಣ ಸಿಗುವಂತೆ ಮಾಡುವುದು ನನಗೆ ಕಾಣುವ ಸರಿಯಾದ ದಾರಿ.

ಕಾನೂನು ಹೇಳುವುದು

ಭಾರತ 2023ರಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಪ್ರಕಟಿಸಿತು, 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಮರುಬಳಕೆ ಘಟಕಗಳಿಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯೂ ಬಂತು. ಇದಕ್ಕೂ ಮೊದಲು, 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬ್ಯಾಟರಿ ತಯಾರಿಸುವವರನ್ನೂ ಆಮದು ಮಾಡುವವರನ್ನೂ ಅದರ ಕೊನೆಯವರೆಗೆ ಹೊಣೆಗಾರರನ್ನಾಗಿ ಮಾಡಿವೆ. 2026–27ರಿಂದ ಮರುಬಳಕೆಯಲ್ಲಿ ಶೇ. 90ರಷ್ಟು ಪದಾರ್ಥ ಮರಳಿ ಸಿಗಬೇಕು. ವಿದ್ಯುತ್ ವಾಹನಗಳ ಹೊಸ ಬ್ಯಾಟರಿಗಳಲ್ಲಿ 2027–28ರಿಂದ ಶೇ. 5ರಷ್ಟು, 2030–31ರ ಹೊತ್ತಿಗೆ ಶೇ. 20ರಷ್ಟು ಮರುಬಳಕೆಯ ಪದಾರ್ಥ ಇರಬೇಕು. ಯುರೋಪಿನ ಒಕ್ಕೂಟ ಲಿಥಿಯಂಗೇ ಪ್ರತ್ಯೇಕ ಗುರಿ ಇಟ್ಟಿದೆ: 2027ರ ಕೊನೆಗೆ ಶೇ. 50, 2031ರ ಕೊನೆಗೆ ಶೇ. 80 ಮರಳಿ ಪಡೆಯಬೇಕು.

ನಮ್ಮ ಶೇ. 90 ಒಟ್ಟು ತೂಕದ ಲೆಕ್ಕ. ತಾಮ್ರ, ಅಲ್ಯೂಮಿನಿಯಂನಂಥ ಭಾರದ ಪದಾರ್ಥಗಳಿಂದಲೇ ಅದರ ದೊಡ್ಡ ಪಾಲು ತುಂಬಿಹೋಗುತ್ತದೆ. ತೂಕದಲ್ಲಿ ಅತ್ಯಲ್ಪವಾದ ಲಿಥಿಯಂ ಕಿಟ್ಟದಲ್ಲೇ ಉಳಿದರೂ ಗುರಿಗೆ ಹೆಚ್ಚು ಧಕ್ಕೆಯಾಗದು. ಲೋಹವಾರು ಗುರಿಯನ್ನು ನಿಯಮಕ್ಕೆ ಸೇರಿಸುವುದು ದೆಹಲಿಯಲ್ಲಿ ಆಗಬೇಕಾದ ಕೆಲಸ. ಮಾರಾಟವಾಗುವ ಪ್ರತಿ ಸ್ಕೂಟರಿನ ಬ್ಯಾಟರಿಗೆ ಮರಳಿಸುವ ಠೇವಣಿ ಕಟ್ಟಿಸಿಕೊಳ್ಳುವ ಪ್ರಯೋಗವನ್ನು ಬೆಂಗಳೂರಿನಂಥ ಒಂದು ನಗರದಿಂದಲೂ ಶುರುಮಾಡಬಹುದು.